ಬಾಯಿ ಕಟ್ಟಿದ ಗಂಟೆ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬಾಯಿ ಬರುವುದಿಲ್ಲ.

ನಮ್ಮೂರಿನ ಹೊಲಗಳು ಮುಗಿಯುವಲ್ಲಿ ಸರಕಾರ ಕಾಯ್ದಿಟ್ಟ ಕಾಡು ಶುರುವಾಗುತ್ತದೆ. ಬೇಸಿಗೆಯಲ್ಲಿ ಹೊಲದೊಳಗೆ ಒಂದು ಹಸಿರು ಕಡ್ಡಿ ಸಿಗುವುದಿಲ್ಲ. ಕಾಡಿನಲ್ಲಾದರೆ ಮುತ್ತಲ ಹೂ ಉದುರಿ ಬಿದ್ದಿರುತ್ತವೆ, ಆಡುಗಳು ಹಬ್ಬದೂಟ ಸಿಕ್ಕಂತೆ ಮೇಯುತ್ತವೆ. ಒಳಗೆ ಮೇಯಿಸಕೂಡದೆಂದು ಬೋರ್ಡು ಇದೆ. ಗಾರ್ಡ್ ಧನರಾಜ ಗಂಟೆಯ ಸದ್ದು ಹಿಡಿದೇ ಬರುತ್ತಾನೆ. ಅದಕ್ಕೆ ನಮ್ಮೂರ ಹೆಂಗಸರೆಲ್ಲ ಮಾಡುವುದನ್ನೇ ನಾನೂ ಮಾಡುತ್ತಿದ್ದೆ. ಕಾಡಿನ ಅಂಚಿಗೆ ಬಂದಾಗ ಹಿರಿ ಆಡಿನ ಕೊರಳ ಗಂಟೆಯೊಳಗೆ ಚಿಂದಿ ತುರುಕುವುದು, ಹೊರಗೆ ಬಂದಮೇಲೆ ಕಿತ್ತುಬಿಡುವುದು.

ಇದು ನನ್ನ ಅತ್ತೆ ಸರುಬಾಯಿಗೆ ಗೊತ್ತಿರಲಿಲ್ಲ. ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ. ಬೆಳಕು ಕಾಣುತ್ತದೆ, ಆಡು ಕಾಣುವುದಿಲ್ಲ. ಆದರೂ ಮನೆಯಲ್ಲಿ ಕೂರುವವರಲ್ಲ. ನಾನಿಲ್ಲದ ದಿನ ಊರಂಚಿನ ಬೀಳು ಹೊಲದಲ್ಲಿ ಅವರೇ ಆಡು ಬಿಡುತ್ತಾರೆ. ಗಂಟೆಯ ಹಿಂದೆ ಹೋಗುತ್ತಾರೆ, ಗಂಟೆಯ ಹಿಂದೆಯೇ ಮರಳುತ್ತಾರೆ. ನನ್ನನ್ನು ಬೈಯಲಂತೂ ಅವರಿಗೆ ಕಣ್ಣು ಬೇಕಿಲ್ಲ. ರೊಟ್ಟಿ ದಪ್ಪವಾಯಿತೆಂದು ಬಡಿಯುವ ಸದ್ದಿನಲ್ಲೇ ತಿಳಿಯುತ್ತದಂತೆ.

ಅಂದು ನಾನು ಆಧಾರ್ ತಿದ್ದಿಸಲು ಹುಮನಾಬಾದಿಗೆ ಹೋಗಿದ್ದೆ. ಬಸ್ಸಿನಲ್ಲಿ ಮರಳುವಾಗ ಪಕ್ಕದ ಮನೆಯ ರಹೀಮಾ ಜೊತೆಗಿದ್ದಳು. ಕಾಡಿನ ನೀರಿನ ತೊಟ್ಟಿಯ ಬಳಿ ಚಿರತೆಯ ಹೆಜ್ಜೆ ಕಂಡಿವೆಯಂತೆ, ಬೆಳಿಗ್ಗೆ ಧನರಾಜ ಊರಲ್ಲಿ ಹೇಳಿಹೋದ ಎಂದಳು. ಆಗ ನೆನಪಾಯಿತು. ಹಿಂದಿನ ದಿನ ಅವನ ಬೈಕಿನ ಸದ್ದಿಗೆ ಬೆದರಿ ಓಡಿಬಂದವಳು ಗಂಟೆಯ ಚಿಂದಿ ಕಿತ್ತಿರಲಿಲ್ಲ.

ಮನೆಗೆ ಬಂದರೆ ಹಟ್ಟಿ ಖಾಲಿ. ಬೀಳು ಹೊಲದ ಬೇವಿನ ಕೆಳಗೆ ಅತ್ತೆಯ ಚೊಂಬು ಉರುಳಿ ಬಿದ್ದಿತ್ತು, ಅವರಿಲ್ಲ. ಎಲ್ಲ ತಿಳಿದುಹೋಯಿತು. ಊರ ಆಡುಗಳೆಲ್ಲ ಒಟ್ಟಿಗೆ ಹೊರಡುವ ಗದ್ದಲದಲ್ಲಿ ತಮ್ಮ ಗಂಟೆ ನುಡಿಯದ್ದು ಅವರಿಗೆ ಗೊತ್ತಾಗಿಲ್ಲ. ಆಡುಗಳೋ, ನಾನು ರೂಢಿ ಮಾಡಿಸಿದ ದಾರಿ ಹಿಡಿದು ಕಾಡಿಗೆ ಹೋಗಿವೆ. ಅವನ್ನು ಹುಡುಕುತ್ತ ಇವರೂ ಹೋಗಿದ್ದಾರೆ.

ಕಾಡಿಗೆ ನುಗ್ಗಿದೆ. ಮಧ್ಯಾಹ್ನದ ಬಿಸಿಲು, ಎಲೆ ಉದುರಿದ ಮರಗಳು, ನೆರಳೇ ಇಲ್ಲ. ಒಣಗಿದ ತೇಗದೆಲೆ ಕಾಲಿಟ್ಟಲ್ಲೆಲ್ಲ ಹಪ್ಪಳದಂತೆ ಮುರಿಯುತ್ತಿತ್ತು. ನಾನು ನಿಂತರೆ ಸದ್ದು ನಿಲ್ಲಬೇಕಲ್ಲ? ಎಲ್ಲೋ ಇನ್ನೊಂದು ಎಲೆ ಮುರಿಯುತ್ತಿತ್ತು. ಇಷ್ಟಾದರೂ ಗಾರ್ಡ್ ಕೇಳಿಯಾನೆಂದು ಪಿಸುದನಿಯಲ್ಲಿ ಅತ್ತೆಯನ್ನು ಕರೆಯುತ್ತಿದ್ದೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಅಷ್ಟರಲ್ಲಿ ಗಂಟೆ ಕೇಳಿಸಿತು. ಜೀವ ಬಂದಂತಾಯಿತು, ಒಂದೇ ಗಳಿಗೆ. ಮೇಯುವ ಆಡಿನ ಗಂಟೆ ಹಾಗೆ ನುಡಿಯುವುದಿಲ್ಲ. ಒಮ್ಮೆಲೇ ಜೋರಾಗಿ ಬಡಿದು, ನಿಂತು, ಮತ್ತೆ ಬಡಿಯುತ್ತಿತ್ತು.

ಹಳ್ಳದ ಆಚೆ ದಡದಲ್ಲಿ ಚಿರತೆ ಹಿರಿ ಆಡಿನ ಕೊರಳು ಕಚ್ಚಿ ಹಿಡಿದಿತ್ತು. ಎಳೆದಾಟದಲ್ಲಿ ಚಿಂದಿ ಉದುರಿಹೋಗಿ, ಆಡು ಕಾಲು ಝಾಡಿಸಿದಾಗಲೆಲ್ಲ ಗಂಟೆ ನುಡಿಯುತ್ತಿತ್ತು. ಈಚೆ ದಡದಲ್ಲಿ, ನನ್ನ ಎಡಗಡೆಯ ಪೊದೆ ಸರಿಸಿಕೊಂಡು, ಕೋಲೂರುತ್ತ, ಕಳೆದದ್ದು ಸಿಕ್ಕ ಖುಷಿಯಲ್ಲಿ, ಅತ್ತೆ ನೇರ ಅದರ ಕಡೆಗೇ ಬರುತ್ತಿದ್ದರು. ನಡುವೆ ಹತ್ತು ಮಾರೂ ಇರಲಿಲ್ಲ.

ದನಿ ಎಲ್ಲಿಂದ ಬಂತೋ ತಿಳಿಯದು. “ಅತ್ತೀ, ಗಂಟಿ ಕಡಿ ಹೋಗಬ್ಯಾಡ್ರಿ. ನನ್ನ ಕಡಿ ಬರ್ರಿ.”

“ಆಡ ಅಲ್ಲೇ ಅದಲ್ಲ,” ಎನ್ನುತ್ತ ಅವರು ಇನ್ನೊಂದು ಹೆಜ್ಜೆ ಇಟ್ಟರು.

“ಅಲ್ಲಿ ಚಿರತಿ ಅದರಿ.”

ಅತ್ತೆ ನಿಂತರು. ಚಿರತೆ ಕಚ್ಚು ಬಿಡದೆ ಕಣ್ಣೆತ್ತಿ ಅವರನ್ನು ನೋಡಿತು. ನಾನು ಮಾತಾಡುತ್ತಲೇ ಹೋದೆ. ಆಧಾರಿನ ಸರದಿ, ಬಸ್ಸಿನ ಸೆಕೆ, ನಾಳೆಯಿಂದ ರೊಟ್ಟಿ ತೆಳ್ಳಗೆ ಬಡಿಯುತ್ತೇನೆ ಎಂಬುದು, ಬಾಯಿಗೆ ಬಂದದ್ದೆಲ್ಲ. ಮಾತು ನಿಂತರೆ ಅವರಿಗೆ ದಾರಿ ಇಲ್ಲ. ಎಲೆ ಮುರಿಯುತ್ತ, ಒಂದೊಂದೇ ಹೆಜ್ಜೆ, ಅವರು ನನ್ನ ದನಿಯ ಕಡೆಗೆ ಬಂದರು. ಕೈಗೆ ಸಿಕ್ಕೊಡನೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಚಿರತೆ ಆಡನ್ನು ಎಳೆದುಕೊಂಡು ಹೋಯಿತು. ಗಂಟೆ ದೂರದೂರವಾಗಿ, ಕಡೆಗೆ ಕೇಳದಾಯಿತು.

ನನ್ನ ಕೂಗಿಗೆ ಧನರಾಜ ಓಡಿಬಂದ. ಚಿರತೆ ಹೋದದ್ದು ಖಾತ್ರಿಯಾದಮೇಲೆ ಹಳ್ಳ ದಾಟಿ ನೋಡಿಬಂದ, ಕೈಯಲ್ಲಿ ಹಸಿರು ಚಿಂದಿ ಇತ್ತು. ಗಂಟೆಯೊಳಗೆ ಇದನ್ನು ತುರುಕಿದವರು ಯಾರೆಂದು ಕೇಳಿದ. ಅತ್ತೆ ಕೈಚಾಚಿ ಚಿಂದಿಯನ್ನು ಇಸಿದುಕೊಂಡು ಬೆರಳಲ್ಲಿ ಉಜ್ಜಿ ನೋಡಿದರು. ಪಂಚಮಿಗೆ ಅವರೇ ನನಗೆ ಕೊಟ್ಟ ಕುಬಸದ ಬಟ್ಟೆ ಅದು.

“ನಾನೇ ತುರುಕಿದ್ದು,” ಎಂದರು. “ಕಣ್ಣಿಲ್ಲದ ಮುದುಕಿ. ಏನ್ ಮಾಡ್ತಿ ಮಾಡಪ್ಪ.”

ಅವನು ಏನೂ ಮಾಡಲಿಲ್ಲ. ಉಳಿದ ಆಡುಗಳನ್ನು ಕೂಡಿಸಿಕೊಟ್ಟು, ಕಾಡಿನ ಅಂಚಿನವರೆಗೆ ಜೊತೆಗೆ ಬಂದು ಬಿಟ್ಟುಹೋದ. ಅಲ್ಲಿಯವರೆಗೂ ಅತ್ತೆ ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. ಉಗುರು ನಾಟುತ್ತಿತ್ತು. ಬೈದರೆ ಸಾಕಾಗಿತ್ತು ನನಗೆ. ಬೈಯಲಿಲ್ಲ. ಬೀಳು ಹೊಲಕ್ಕೆ ಬಂದಾಗ ಕೈ ಬಿಟ್ಟರು.

“ನೀ ಮುಂದ ನಡಿ. ಮಾತಾಡ್ಕೋತ ನಡಿ. ಸುಮ್ಮಾಗಬ್ಯಾಡ.”

ನಾಲ್ಕು ಹೆಜ್ಜೆ ನಡೆದೆ. ದನಿ ಹೊರಡಲಿಲ್ಲ. ಹಿಂದೆ ಅವರ ಹೆಜ್ಜೆ ಗಕ್ಕನೆ ನಿಂತಿತು.

“ಬರ್ರಿ ಅತ್ತಿ,” ಎಂದೆ. ಆಗ ನಡೆದರು.