ನಾಲ್ಕು ಮೂಲೆ ಅರಿಶಿನ

ಹಂಸ ಬಿ.ಎಸ್ಸಿ. ಮೊದಲನೇ ವರ್ಷದ ಅರ್ಧವಾರ್ಷಿಕ ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಫೇಲಾದದ್ದು ಅಡುಗೆ ಬರದೆ. ಇದನ್ನು ಗರುಡಾಚಾರ್‌ಪಾಳ್ಯದಲ್ಲಿ ಯಾರಿಗೆ ಹೇಳಿದರೂ ನಂಬುತ್ತಿರಲಿಲ್ಲ. ಹನ್ನೆರಡು ವರ್ಷಕ್ಕೇ ಮನೆಮಂದಿಗೆಲ್ಲ ಮುದ್ದೆ ತೊಳಸಿದ ಹುಡುಗಿ ಅವಳು. ಆದರೆ ಲ್ಯಾಬಿನವರು ಕೇಳುತ್ತಿದ್ದ ಅಡುಗೆಯೇ ಬೇರೆ.

ಅದು 1996ನೇ ಇಸವಿ. ಕಾಲೇಜು ಇದ್ದದ್ದು ಕುಕ್ ಟೌನಿನಲ್ಲಿ, ಹೆಂಚಿನ ಬಂಗಲೆಗಳ ನಡುವೆ. ಅವತ್ತಿನ ಪ್ರಯೋಗ ಟೈಟ್ರೇಷನ್. ಬ್ಯೂರೆಟ್ ಎಂಬ ಉದ್ದನೆಯ ಗಾಜಿನ ಕೊಳವೆಯಿಂದ ಕ್ಷಾರವನ್ನು ಹನಿಹನಿಯಾಗಿ ಕೆಳಗಿನ ಫ್ಲಾಸ್ಕಿನಲ್ಲಿರುವ ಆಮ್ಲಕ್ಕೆ ಬಿಡಬೇಕು. ಫ್ಲಾಸ್ಕಿಗೆ ಮೊದಲೇ ಬಣ್ಣ ತೋರಿಸುವ ಇಂಡಿಕೇಟರ್ ಎರಡು ಹನಿ ಹಾಕಿರುತ್ತಾರೆ. ಆಮ್ಲವೆಲ್ಲ ತೀರಿ ಕ್ಷಾರ ಒಂದೇ ಒಂದು ಹನಿ ಹೆಚ್ಚಾಯಿತೋ, ನೀರಿನ ಹಾಗಿದ್ದದ್ದು ತಿಳಿಗುಲಾಬಿಯಾಗುತ್ತದೆ. ಅಲ್ಲಿಗೆ ನಲ್ಲಿ ನಿಲ್ಲಿಸಿ, ಎಷ್ಟು ಎಂಎಲ್ ಖರ್ಚಾಯಿತೆಂದು ಬರೆಯಬೇಕು. ಹೀಗೆ ಮೂರು ಸಲ, ಅದರಲ್ಲಿ ಎರಡು ಸಲವಾದರೂ ಒಂದೇ ಸಂಖ್ಯೆ ಬರಬೇಕು. ಹಂಸಳಿಗೆ ಬಂದದ್ದು 12.1, 12.8, 12.5. ಬಂದದ್ದನ್ನು ಬಂದಂತೆಯೇ ಬರೆದುಕೊಟ್ಟಳು.

ಲೆಕ್ಚರರ್ ಶ್ರೀರಾಮಪ್ಪನವರು ಹಾಳೆ ನೋಡಿ ಕನ್ನಡಕ ತೆಗೆದರು.

"ಏನಮ್ಮಾ ಇದು? ನಿಂಗೆ ಕುಕ್ ಮಾಡಕ್ಕೂ ಬರಲ್ವಾ?"

"ಬರುತ್ತೆ ಸಾರ್. ಮುದ್ದೆ, ಬಸ್ಸಾರು, ಎಲ್ಲಾ ಮಾಡ್ತೀನಿ."

ಲ್ಯಾಬಿಗೆ ಲ್ಯಾಬೇ ನಕ್ಕಿತು. ಬಾಗಿಲ ಬಳಿ ಟೆಸ್ಟ್ ಟ್ಯೂಬ್ ತೊಳೆಯುತ್ತಿದ್ದ ಅಟೆಂಡರ್ ಇನಾಯತ್ ಉಲ್ಲಾ ಕೂಡ ನಕ್ಕು ಒಂದು ಟ್ಯೂಬ್ ಒಡೆದುಕೊಂಡರು. ಹಂಸ ಮಾತ್ರ ತಾನು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಸಂಜೆವರೆಗೂ ಯೋಚಿಸಿದಳು.

ಸಂಜೆ ಬಸ್ ಸ್ಟಾಪಿನಲ್ಲಿ ಅವಳಿಗೆ ಜ್ಞಾನೋದಯ ಮಾಡಿಸಿದವಳು ಲಿಂಗರಾಜಪುರದ ಗೆಳತಿ ಭವ್ಯ.

"ಅಯ್ಯೋ ಪೆದ್ದಿ, ಕುಕ್ ಅಂದ್ರೆ ರೀಡಿಂಗ್ ಕುಕ್ ಮಾಡೋದು ಕಣೇ. ಮುಂಚೆ ಮಾಡ್ದೋರ ಹತ್ರ ನಂಬರ್ ಇಸ್ಕೊಂಡು ಬರ್ದ್ಬಿಡೋದು. ಎಲ್ರೂ ಅದೇ ಮಾಡೋದು."

"ಮತ್ತೆ ಮೂರು ಗಂಟೆ ಬ್ಯೂರೆಟ್ ಮುಂದೆ ನಿಂತ್ಕೊಂಡು ಏನ್ ಮಾಡ್ತೀರ?"

"ಹನಿ ಬಿಡ್ತಾ ಇರ್ತೀವಿ. ಟೈಮ್ ಹೋಗ್ಬೇಕಲ್ಲ!"

ಅಲ್ಲಿಯವರೆಗೆ ಹಂಸ, ಕಾಲೇಜು ಕುಕ್ ಟೌನಿನಲ್ಲಿದೆಯಲ್ಲ, ಅದಕ್ಕೇ ಮೇಷ್ಟ್ರು ಅಡುಗೆಯ ಮಾತಾಡಿರಬೇಕು ಎಂದುಕೊಂಡಿದ್ದಳು.

ಮನೆಯಲ್ಲಿ ವಿಷಯ ಗೊತ್ತಾದಾಗ ಅಪ್ಪ ಮುನಿಆಂಜನಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. "ಏಪ್ರಿಲ್ ಪರೀಕ್ಷೆ ಒಂದು ನೋಡೋಣ. ಅದ್ರಲ್ಲೂ ಡುಮ್ಕಿ ಹೊಡೆದ್ರೆ ಕಾಲೇಜ್ ಸಾಕು. ಮಹದೇವಪುರದಲ್ಲಿ ಟೈಲರಿಂಗ್ ಕ್ಲಾಸಿದೆ, ಸೇರ್ಕೊ" ಎಂದು ಮೆಲ್ಲಗೆ ಹೇಳಿ ಊಟಕ್ಕೆ ಕೂತರು. ಮೆಲ್ಲಗೆ ಹೇಳಿದ ಮಾತನ್ನು ಅವರು ಎಂದೂ ಬದಲಾಯಿಸಿದವರಲ್ಲ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ನಟ್ಟು ಬೋಲ್ಟಿನ ಶೆಡ್ ಕಟ್ಟಿಸುತ್ತೇನೆಂದು ಹೇಳಿದ್ದೂ ಹೀಗೇ ಮೆಲ್ಲಗೆ, ಕಟ್ಟಿಸಿಯೇಬಿಟ್ಟರು.

ಹಂಸಳಿಗೆ ಟೈಲರಿಂಗ್ ಮೇಲೆ ಕೋಪವೇನೂ ಇರಲಿಲ್ಲ. ಆದರೆ ಲ್ಯಾಬು ಅವಳಿಗೆ ಇಷ್ಟವಾಗಿಬಿಟ್ಟಿತ್ತು. ಗಾಜಿನೊಳಗೆ ಬಣ್ಣ ತಿರುಗುವ ಆ ಒಂದು ಗಳಿಗೆಗಾಗಿ ಎರಡು ಬಸ್ಸು ಬದಲಿಸಿ, ಕೆ.ಆರ್.ಪುರದ ಸಂದಣಿಯಲ್ಲಿ ನಜ್ಜುಗುಜ್ಜಾಗಿ ಬರುವುದಕ್ಕೂ ಅವಳು ತಯಾರಿದ್ದಳು. ಅದು ತಪ್ಪಿಹೋಗುತ್ತದೆಂದು ನೆನೆದರೆ ಅಳು ಬರುತ್ತಿತ್ತು.

ಫೇಲಾದದ್ದಕ್ಕೆ ನಿಜವಾದ ಕಾರಣ ಕಂಡುಹಿಡಿದವರು ಅಜ್ಜಿ ಅಕ್ಕಯಮ್ಮ.

"ಆ ಬಿಳೀ ಕೋಟು ಹೊಲ್ಸಿದ್ಯಲ್ಲ, ಮೂಲೆಗೆ ಅರಿಶಿನ ಹಚ್ಚಿದ್ಯೇನೇ?"

"ಅದು ಏಪ್ರನ್ ಅಜ್ಜಿ. ಲ್ಯಾಬಿಗೆ ಹಾಕ್ಕೊಳೋದು."

"ಎಲ್ಲಿಗಾದ್ರೂ ಹಾಕ್ಕೊ. ಹೊಸಾ ಬಟ್ಟೆ ಹೌದೋ ಅಲ್ವೋ? ಅರಿಶಿನ ಹಚ್ದೆ ಮೈಗೇರಿಸ್ಕೊಂಡ್ರೆ ಪಾಸಾಗೋದೆಲ್ಲಿಂದ ಬಂತು?"

ಹಳೆಯ ಏಪ್ರನ್ ಕೆಟ್ಟದ್ದೆಂದು ತೀರ್ಮಾನವಾಗಿ, ಶಿವಾಜಿನಗರದಿಂದ ಹೊಸದು ಬಂತು. ಅಕ್ಕಯಮ್ಮ ಅದರ ನಾಲ್ಕು ಮೂಲೆಗೂ ಒದ್ದೆ ಅರಿಶಿನದ ಬೊಟ್ಟಿಟ್ಟು, ದೇವರ ಮುಂದೆ ಇಟ್ಟು, ಆಮೇಲೆ ಕೊಟ್ಟರು. ಅದನ್ನು ಹಾಕಿಕೊಂಡು ಹೋದ ಮೊದಲ ದಿನವೇ ಬ್ಯೂರೆಟ್ಟಿನಿಂದ ಒಂದು ಹನಿ ಕ್ಷಾರ ಜಾರಿ ಒಂದು ಮೂಲೆಯ ಮೇಲೆ ಬಿತ್ತು. ಹಳದಿ ಬೊಟ್ಟು ಕಣ್ಣೆದುರೇ ಕೆಂಪಗಾಯಿತು. ಹಂಸ ಗಾಬರಿಬಿದ್ದು ಮನೆಗೆ ಬಂದು ಬಾರ್ ಸೋಪು ಹಾಕಿ ತಿಕ್ಕಿದಳು, ಉಳಿದ ಮೂರು ಬೊಟ್ಟೂ ಕೆಂಪಗಾದವು.

ಅಕ್ಕಯಮ್ಮ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅರಿಶಿನಕ್ಕೆ ಸುಣ್ಣ ಸೋಕಿದ್ರೆ ಕೆಂಪಗಾಗ್ದೆ ಹಸಿರಾಗುತ್ತಾ? ಆರತಿಗೆ ಓಕುಳಿ ನೀರು ಹೆಂಗೆ ಮಾಡ್ತೀನಿ ಅನ್ಕೊಂಡಿದ್ದೆ? ಸೋಪೂ ಸುಣ್ಣದ ಜಾತೀದೇ. ಇಷ್ಟೂ ಗೊತ್ತಿಲ್ಲ, ಅದೇನ್ ಓದ್ತೀಯೋ!"

ಹಂಸ ನಗಲಿಲ್ಲ. ಪುಸ್ತಕದಲ್ಲಿ ಅರ್ಧ ಪುಟ ಬರೆದದ್ದನ್ನು ಅಜ್ಜಿ ಬಚ್ಚಲ ಬಾಗಿಲಲ್ಲಿ ನಿಂತು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು.

ಏಪ್ರಿಲ್ ಬಂತು. ಪರೀಕ್ಷೆಯ ದಿನ ಅಕ್ಕಯಮ್ಮ ಒಗೆದ ಏಪ್ರನ್ನಿಗೆ ಮತ್ತೆ ನಾಲ್ಕು ಮೂಲೆ ಅರಿಶಿನ ಹಚ್ಚಿದರು. ಈ ಸಲ ಕೈ ಧಾರಾಳವಾಗಿತ್ತು, ಒಂದೊಂದು ಬೊಟ್ಟೂ ಎಂಟಾಣೆ ಅಗಲ. ಹಂಸ ತಡೆಯಲಿಲ್ಲ. ಅವಳಿಗೂ ಆಗ ಎಲ್ಲ ದಿಕ್ಕಿನ ಸಹಾಯ ಬೇಕಾಗಿತ್ತು.

ಹಂಸ, ಭವ್ಯ ಇದ್ದದ್ದು ಮಧ್ಯಾಹ್ನದ ಬ್ಯಾಚಿನಲ್ಲಿ. ಒಳಗೆ ಹೋಗುವ ಮುಂಚೆಯೇ ಬೆಳಗಿನ ಬ್ಯಾಚಿನಿಂದ ನಂಬರು ಇಳಿದು ಬಂದಿತ್ತು: 12.4. ಇಪ್ಪತ್ತು ಜನರೂ ಅದನ್ನು ಮಂತ್ರದ ಹಾಗೆ ತುಟಿಯಲ್ಲೇ ಹೇಳಿಕೊಳ್ಳುತ್ತ ಒಳಗೆ ಹೋದರು. ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಣಕಲು ಮೈ, ನಿದ್ದೆಗಣ್ಣು. ಅವರನ್ನು ನೋಡಿ ಎಲ್ಲರಿಗೂ ಧೈರ್ಯ ಬಂತು.

ಹಂಸ ಫ್ಲಾಸ್ಕಿಗೆ ಆಮ್ಲ ಹಾಕಿ, ಇಂಡಿಕೇಟರ್ ಎರಡು ಹನಿ ಬಿಟ್ಟು, ಬ್ಯೂರೆಟ್ಟಿನ ನಲ್ಲಿ ತಿರುಗಿಸಿದಳು. 12.4 ದಾಟಿತು, ಬಣ್ಣವಿಲ್ಲ. ಹದಿನೈದು, ಇಲ್ಲ. ಇಪ್ಪತ್ತೈದು, ಇಲ್ಲ. ಬ್ಯೂರೆಟ್ ಮುಕ್ಕಾಲು ಖಾಲಿಯಾದರೂ ಫ್ಲಾಸ್ಕಿನಲ್ಲಿದ್ದದ್ದು ಕಾವೇರಿ ನೀರಿನ ಹಾಗೆ ತಿಳಿಯಾಗಿಯೇ ಇತ್ತು.

"ಇನಾಯತ್ ಭಾಯ್, ಈ ಇಂಡಿಕೇಟರ್ ಸರಿಯಾಗಿದ್ಯಾ?" ಎಂದು ಪಿಸುಗುಟ್ಟಿದಳು.

"ಅರೆ ಬೇಟಿ, ಊಟದ ಟೈಮಲ್ಲಿ ನಾನೇ ಹೊಸಾದು ಮಾಡಿ ಇಟ್ಟಿದ್ದೀನಿ. ಎಲ್ರಿಗೂ ಸರಿಯಾಗಿ ಬರ್ತಾ ಇದೆ, ನಿಂಗೊಬ್ಳಿಗೇ ಏನು?"

ಆ ಮಾತು ಹಂಸಳ ಎದೆಗೆ ನಾಟಿತು. ಎಲ್ಲರಿಗೂ ಬರುತ್ತದೆ, ತನ್ನೊಬ್ಬಳಿಗೇ ಬರುವುದಿಲ್ಲ. ಪಕ್ಕದ ಭವ್ಯ ಆಗಲೇ ಲೆಕ್ಕ ಮುಗಿಸಿ ಗೆರೆ ಎಳೆಯುತ್ತಿದ್ದಳು.

"ಭವ್ಯಾ, ನಿಂದು ಪಿಂಕ್ ಆಯ್ತಾ?"

"ನಾನೆಲ್ಲಿ ನೋಡ್ದೆ? ಹನ್ನೆರಡು ಪಾಯಿಂಟ್ ನಾಲ್ಕು ಬರ್ದು ಸುಮ್ನಿರು ಮಾರಾಯ್ತಿ."

ಹಂಸ ಪೆನ್ಸಿಲಿನಲ್ಲಿ 12.4 ಎಂದು ಬರೆದಳು. ಬರೆದು ನೋಡಿದಳು. ಅಪ್ಪ ಮೆಲ್ಲಗೆ ಹೇಳಿದ ಮಾತು ನೆನಪಾಯಿತು, ಹೊಲಿಗೆ ಮಿಷನ್ನಿನ ಚಕ್ರವೂ ಕಂಡಿತು. ಇಷ್ಟೇ ತಾನೆ, ಮೇಲೆ ಪೆನ್ನಿನಲ್ಲಿ ತಿದ್ದಿದರೆ ಪಾಸು. ಹಾಗೆಂದುಕೊಂಡರೂ ನಾಚಿಕೆಯಾಯಿತು. ಕಾಣದ ಬಣ್ಣವನ್ನು ಕಂಡೆ ಎಂದು ಬರೆಯುವುದಾದರೆ ಮಹದೇವಪುರವೇ ಹತ್ತಿರವಾಗಿತ್ತಲ್ಲ, ಇಷ್ಟು ದೂರ ಬಂದದ್ದೇಕೆ?

ಆಗಲೇ ಬ್ಯೂರೆಟ್ಟಿನ ಸೋರುವ ನಲ್ಲಿಯಿಂದ ಒಂದು ಹನಿ ಏಪ್ರನ್ನಿನ ಮೂಲೆಗೆ ಬಿತ್ತು. ಅರಿಶಿನ ಕೆಂಪಗಾಯಿತು.

ಹಂಸ ಅದನ್ನೇ ನೋಡಿದಳು. ಹಾಗಾದರೆ ಕ್ಷಾರ ಕ್ಷಾರವಾಗಿಯೇ ಇದೆ, ತನ್ನ ಕೈಯೂ ಸರಿಯಾಗಿಯೇ ಇದೆ. ಕೆಟ್ಟದ್ದು ಇಂಡಿಕೇಟರ್! ಬಾಟಲಿ ಮೂಗಿಗೆ ಹಿಡಿದಳು, ಬರೀ ಸ್ಪಿರಿಟ್ಟಿನ ವಾಸನೆ. ಇನಾಯತ್ ಭಾಯ್ ಗಡಿಬಿಡಿಯಲ್ಲಿ ಸ್ಪಿರಿಟ್ ತುಂಬಿಸಿ ಅದಕ್ಕೆ ಹಾಕಬೇಕಾದ ಪುಡಿಯನ್ನೇ ಮರೆತಿದ್ದರು.

ಅವಳು ಹೆಚ್ಚು ಯೋಚಿಸಲಿಲ್ಲ. ಹೊಸದಾಗಿ ಆಮ್ಲ ತೆಗೆದುಕೊಂಡು, ಏಪ್ರನ್ನಿನ ಇನ್ನೊಂದು ಮೂಲೆಯನ್ನು ಫ್ಲಾಸ್ಕಿನ ಬಾಯಿಗೆ ಹಿಡಿದು, ಅದರ ಮೇಲೆ ಆ ಸ್ಪಿರಿಟ್ ನಾಲ್ಕು ಹನಿ ಬಿಟ್ಟು ಹಿಂಡಿದಳು. ಅಕ್ಕಯಮ್ಮನ ಅರಿಶಿನ ಹಳದಿಯಾಗಿ ಒಳಗೆ ಇಳಿಯಿತು. ನಲ್ಲಿ ತಿರುಗಿಸಿದಳು. 9.8ಕ್ಕೆ ಫ್ಲಾಸ್ಕು ಕೆಂಪಗಾಯಿತು. ಎರಡನೇ ಸಲ 9.6. ಮೂರನೇ ಸಲ ಒಂದೊಂದೇ ಹನಿ ಬಿಟ್ಟಳು: 9.6. ಎರಡು ಸಲ ಒಂದೇ ಸಂಖ್ಯೆ, ಯಾರನ್ನೂ ಕೇಳದೆ ಬಂದದ್ದು. ಹಂಸಳಿಗೆ ಅಲ್ಲೇ ಕುಣಿಯಬೇಕೆನಿಸಿತು.

"ಏನಮ್ಮಾ, ಬಟ್ಟೇಲಿ ಏನ್ ಚೀಟಿ ಇಟ್ಕೊಂಡು ಹಿಂಡ್ತಾ ಇದೀಯ?"

ನಿದ್ದೆಗಣ್ಣಿನ ಪರೀಕ್ಷಕರು ಹಿಂದೆಯೇ ನಿಂತಿದ್ದರು. ಶ್ರೀರಾಮಪ್ಪನವರೂ ಓಡಿಬಂದರು.

"ಚೀಟಿ ಅಲ್ಲ ಸಾರ್, ಅರಿಶಿನ. ಇಂಡಿಕೇಟರ್‌ನಲ್ಲಿ ಪುಡಿ ಇಲ್ಲ ಸಾರ್, ಪಿಂಕ್ ಬರಲ್ಲ. ಅದಕ್ಕೇ ನಮ್ಮಜ್ಜಿ ಹಚ್ಚಿದ್ದನ್ನ..." ಎಂದು ತೊದಲಿದಳು.

ಪರೀಕ್ಷಕರು ಬಾಟಲಿ ಎತ್ತಿ ಮೂಸಿದರು. ಬ್ಯೂರೆಟ್ಟಿನಿಂದ ಕ್ಷಾರ ಹಿಡಿದು ಅದಕ್ಕೆ ಬಾಟಲಿಯದನ್ನು ಸುರಿದರು. ಏನೂ ಆಗಲಿಲ್ಲ. ಆಗ ಅವರ ಕಣ್ಣು ಪೂರ್ತಿ ತೆರೆಯಿತು. ಇಡೀ ಲ್ಯಾಬಿನ ಕಡೆ ತಿರುಗಿ, ತುಂಬಾ ಪ್ರೀತಿಯಿಂದ ಕೇಳಿದರು:

"ಮಕ್ಕಳೇ, ನಿಮಗೆಲ್ಲಾ ಕೊನೇಲಿ ಯಾವ ಬಣ್ಣ ಬಂತು?"

"ಪಿಂಕ್ ಸಾರ್!" ಹತ್ತೊಂಬತ್ತು ಕಂಠ ಒಟ್ಟಿಗೆ.

"ತಿಳಿ ಪಿಂಕೋ, ಗಾಢ ಪಿಂಕೋ?"

"ತಿಳೀ ಪಿಂಕ್ ಸಾರ್!" ಎಲ್ಲರಿಗಿಂತ ಗಟ್ಟಿಯಾಗಿ ಭವ್ಯ.

"ಎಷ್ಟಕ್ಕೆ?"

"ಹನ್ನೆರಡು ಪಾಯಿಂಟ್ ನಾಲ್ಕು ಸಾರ್!"

"ಬಹಳ ಸಂತೋಷ. ಊಟದ ಹೊತ್ತಿಗೆ ನಾನು ಆಮ್ಲ ಬದಲಾಯಿಸಿದ್ದೀನಿ. ಸರಿಯಾದ ಉತ್ತರ ಒಂಬತ್ತೂವರೆ ಆಸುಪಾಸು" ಎಂದು ಹೇಳಿ ಅವರು ಬಾಟಲಿಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು. "ಇನ್ನು ಇದರಲ್ಲಿ ಪಿಂಕ್ ಬರೋದಿರ್ಲಿ, ಪಿಂಕ್ ಹೆಸರೂ ಇಲ್ಲ."

ಇನಾಯತ್ ಉಲ್ಲಾ ತಲೆ ಮೇಲೆ ಕೈ ಹೊತ್ತು, "ಯಾ ಅಲ್ಲಾ, ಪುಡಿ!" ಎಂದು ಬೀರುವಿನ ಕಡೆ ಓಡಿದರು. ಪುಡಿಯ ಡಬ್ಬಿ ಖಾಲಿ. ಎಲ್ಲರೂ ಮತ್ತೆ ಮೊದಲಿಂದ ಮಾಡಬೇಕೆಂದು ಅಪ್ಪಣೆಯಾಯಿತು, ಅದೂ ಅರಿಶಿನದಲ್ಲೇ. ಹಂಸಳ ಏಪ್ರನ್ನಿನಲ್ಲಿ ಉಳಿದಿದ್ದ ಎರಡು ಮೂಲೆಗೆ ಹತ್ತೊಂಬತ್ತು ಜನ ಮುಗಿಬಿದ್ದರು. "ಹಂಸಾ, ನಂಗೊಂಚೂರು ಕಣೇ" ಎಂದು ಭವ್ಯ ಮೊದಲಿಗಳಾಗಿ ಸೆರಗು ಹಿಡಿದಂತೆ ಹಿಡಿದಿದ್ದಳು. ಸಿಗದವರಿಗೆ ಇನಾಯತ್ ಕ್ಯಾಂಟೀನಿನಿಂದ ಸಾಂಬಾರಿಗೆ ಹಾಕುವ ಅರಿಶಿನ ತಂದುಕೊಟ್ಟರು. ಅವತ್ತು ಕುಕ್ ಟೌನಿನಲ್ಲಿ ಮೊದಲ ಸಲ ನಿಜವಾಗಿ ಅಡುಗೆ ನಡೆಯಿತು ಎಂದು ಹೇಳಬಹುದು.

ಸಂಜೆ ಶ್ರೀರಾಮಪ್ಪನವರು ಹಂಸಳನ್ನು ಕರೆದರು. ಅವಳ ಮುಖ ನೋಡಲು ಅವರಿಗೆ ಸ್ವಲ್ಪ ಕಷ್ಟವಾಗುತ್ತಿತ್ತು.

"ಮೂವತ್ತಕ್ಕೆ ಇಪ್ಪತ್ತೆಂಟು ಹಾಕಿದ್ದಾರಮ್ಮ. ಏಪ್ರನ್ ಕೊಳೆ ಅಂತ ಎರಡು ಕಳೆದಿದ್ದಾರೆ." ಕನ್ನಡಕ ತೆಗೆದು ಒರೆಸುತ್ತ ಹೇಳಿದರು, "ಅವತ್ತು ನಾನು ಹಾಗೆ ಕೇಳಬಾರದಾಗಿತ್ತು."

ಹಂಸ ಗರುಡಾಚಾರ್‌ಪಾಳ್ಯದಲ್ಲಿ ಬಸ್ಸಿಳಿದಾಗ ಇನ್ನೂ ಬೆಳಕಿತ್ತು. ಅಪ್ಪ ಗೇಟಿನಲ್ಲೇ ನಿಂತಿದ್ದರು. ಅವಳು ಹೇಳಿದ್ದನ್ನೆಲ್ಲ ಕೇಳಿ, "ಸರಿ, ಎರಡನೇ ವರ್ಷದ ಪುಸ್ತಕ ಯಾವ್ಯಾವ್ದು ಬೇಕು ಬರ್ದ್ಕೊಡು" ಎಂದು ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದರಿಂದ ಹಂಸಳಿಗೆ ಪೂರ್ತಿ ಧೈರ್ಯವಾಯಿತು.

ಅಕ್ಕಯಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಅರಿಶಿನ ಹಚ್ಚಿದ್ಮೇಲೆ ಪಾಸಾಗ್ದೆ ಇನ್ನೇನು? ಇಪ್ಪತ್ತು ಜನದ ಕಣ್ಣು ಬಿದ್ದಿರುತ್ತೆ, ತಡಿ, ದೃಷ್ಟಿ ತೆಗೀತೀನಿ" ಎಂದು ತಟ್ಟೆಗೆ ನೀರು ಹಾಕಿ ಅರಿಶಿನ ಕಲಸಿದರು. ಬಟ್ಟಲಿನಲ್ಲಿದ್ದ ಸುಣ್ಣದ ತಿಳಿಯನ್ನು ಒಟ್ಟಿಗೇ ಸುರಿಯಲು ಕೈ ಎತ್ತಿದಾಗ ಹಂಸ ಕೈ ಹಿಡಿದಳು.

"ಅಜ್ಜಿ, ಹಂಗಲ್ಲ. ಒಂದೊಂದೇ ಹನಿ ಬಿಡಿ. ನೋಡ್ತಾ ಇರಿ."

ಅಕ್ಕಯಮ್ಮ ಗೊಣಗುತ್ತಲೇ ಬೆರಳು ಅದ್ದಿ ಹನಿ ಬಿಟ್ಟರು. ಬಿದ್ದ ಜಾಗದಲ್ಲಿ ಕೆಂಪು ಮಿಂಚಿ ಮಾಯವಾಯಿತು. ಇನ್ನೊಂದು ಹನಿ, ಮತ್ತೆ ಮಾಯ. ಹಂಸ ತಟ್ಟೆಯನ್ನು ಮೆಲ್ಲಗೆ ಆಡಿಸುತ್ತಿದ್ದಳು, ಬಾಯಲ್ಲಿ ಎಣಿಕೆ. ಹದಿನಾಲ್ಕನೇ ಹನಿಗೆ ಇಡೀ ತಟ್ಟೆ ಒಮ್ಮೆಗೇ ತಿರುಗಿ ಕೆಂಪಗೆ ನಿಂತಿತು. ಅರವತ್ತು ವರ್ಷ ಓಕುಳಿ ಕಲಸಿದ ಹೆಂಗಸು, ಆ ಗಳಿಗೆಯನ್ನು ನೋಡಿದ್ದು ಅದೇ ಮೊದಲು.

"ಅಯ್ಯೋ! ಒಂದೇ ಒಂದು ಹನಿಗೆ!" ಎಂದರು ಅಕ್ಕಯಮ್ಮ.

ಹೊಸಿಲ ಆಚೆ ಮುನಿಆಂಜನಪ್ಪ ಆರತಿ ಮುಗಿಯಲೆಂದು ಕಾದು ಕಾದು ಕೆಮ್ಮಿದರು. ಅಕ್ಕಯಮ್ಮ ಅತ್ತ ನೋಡಲಿಲ್ಲ. ತಟ್ಟೆಯ ನೀರನ್ನು ಗಿಡಕ್ಕೆ ಚೆಲ್ಲಿ, ಹೊಸ ನೀರು ಹಾಕಿ, ಅರಿಶಿನದ ಡಬ್ಬಿ ಎಳೆದುಕೊಂಡು ಮೊಮ್ಮಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು.

"ಇನ್ನೊಂದ್ಸಲ ಮಾಡೇ."