ಒಂಬತ್ತು ಮೀಟರ್ ಎಂಬತ್ತು

ಮುಂದಿನ ಸೀಟಿನ ಹೆಂಗಸಿನ ಮೊಬೈಲಿನಲ್ಲಿ ಟಪ್ ಟಪ್ ಎಂದು ರೊಟ್ಟಿ ಬಡಿಯುವ ಸದ್ದು, ಗೋವಾದ ಝುವಾರಿನಗರದ ಬಸ್ಸಿನಲ್ಲೂ ರೊಟ್ಟಿಯೇ ಎಂದು ನಗು ಬಂತು, ನಿಂತಲ್ಲಿಂದಲೇ ಬಗ್ಗಿ ನೋಡಿದರೆ — ಅಯ್ಯೋ, ಆ ಕೈ ನನ್ನದೇ, ನನ್ನ ಒಂದೇ ಕೈ, ಮೊಣಕೈ ಕೆಳಗೆ ಏನೂ ಇಲ್ಲದ ಎಡಗೈ ಮೇಲೆಯೇ ಕ್ಯಾಮೆರಾ, ಹಿಂದೆ ಅಳುವ ಪಿಟೀಲು, ಒಂಬತ್ತು ಮೀಟರ್ ಎಂಬತ್ತು ಎಂದು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ, ಇಲ್ಲ, ಹೇಳುವುದಿಲ್ಲ, ಮೂರು ದಿನದಿಂದ ಎಲ್ಲರ ಮೊಬೈಲಿನಲ್ಲೂ ನೋಡಿದ್ದೇನೆ. ಆರು ವರ್ಷ ಗುಂಡು ಎಸೆದೆ, ನಾಲ್ಕು ಕೆಜಿ ಕಬ್ಬಿಣ, ಅಂಗವಿಕಲರ ರಾಜ್ಯ ಕೂಟದಲ್ಲಿ ಯಾವ ಹೆಂಗಸೂ ಅಷ್ಟು ದೂರ ಎಸೆದಿರಲಿಲ್ಲ, ಹುಬ್ಬಳ್ಳಿಯಿಂದ ಬಂದ ಟಿವಿಯವನು ಮಾತ್ರ ಸಿದ್ದಿಯರ ರಕ್ತ, ಆಫ್ರಿಕಾದ ಮೈ, ಹುಟ್ಟಿನಿಂದಲೇ ಬಲ ಎನ್ನುತ್ತಾನೆ — ಹುಟ್ಟಿನಿಂದ ಬಂದಿದ್ದರೆ ಆರು ವರ್ಷ ಮೈದಾನದಲ್ಲಿ ನಾನೇನು ಕತ್ತೆ ಕಾಯುತ್ತಿದ್ದೆನೇ?

ತಪ್ಪು ನನ್ನದೇ, ಮನೆಗೆ ಬಂದವರ ಮಾತು ಮೀರಬಾರದು ಎಂದು ಬೆಳೆದವಳು, ಒಲೆಯ ಮುಂದೆ ಇದ್ದವನು ನನ್ನ ಗಂಡ ಗೂಡುಸಾಬ, ಕಾರ್ಖಾನೆಯ ಯಂತ್ರಕ್ಕೆ ನನ್ನ ಕೈ ಹೋದಾಗಿನಿಂದ ರೊಟ್ಟಿ ಅವನದೇ, ಟಿವಿಯವನು ಅವನಿಗೆ, ನೀವು ಏಳ್ರಿ ಸಾಹೇಬ್ರ, ಅಕ್ಕಾರು ಕುಂದರ್ಲಿ, ನೋಡಿದ ಮಂದಿ ಮರುಗಬೇಕ್ರಿ, ನನಗ ಬಡ್ಯಾಕ ಬರಂಗಿಲ್ರಿ ಎಂದೆ, ಬರಲಿಲ್ಲಂದ್ರ ಇನ್ನೂ ಚಲೋ, ಗುಂಡು ಎಸೆದು ತೋರಿಸಲೇ ಎಂದೆ, ಅದು ಬ್ಯಾಡ್ರಿ, ಹೊತ್ತಾತು, ಕೂತೆ, ಬಡಿದೆ, ರೊಟ್ಟಿ ಹರಿಯಿತು, ಹಾಂ, ಹಂಗಽ ಹಿಡಕೊಳ್ರಿ ಎಂದ. ವಿಡಿಯೊ ನೋಡಿ ಹಳಿಯಾಳದಿಂದ ಅವ್ವನ ಫೋನು, ಇರೋ ಒಂದು ಕೈಲೆ ನಿನ್ನ ಗಂಡ ರೊಟ್ಟಿ ಬಡಸ್ತಾನೇನ, ನಾಚಿಕಿ ಇಲ್ಲ ಅಂವಗ, ಗೂಡುಸಾಬ ಪಕ್ಕದಲ್ಲೇ ಹಿಟ್ಟು ನಾದುತ್ತಿದ್ದ, ಕೇಳಿಸಿತು, ತಲೆ ಎತ್ತಲಿಲ್ಲ.

ಹೆಂಗಸು ತಿರುಗಿದಳು, ನನ್ನ ಮುಖ ನೋಡಿದಳು, ಮೊಬೈಲು ನೋಡಿದಳು, ಎದ್ದೇಬಿಟ್ಟಳು, ಅಯ್ಯ, ನೀನಽ ಏನವಾ, ಪಾಪ, ಬಾ ಕುಂದ್ರು, ಬೇಡ ಅನ್ನಬೇಕು, ಅನ್ನಲಿಲ್ಲ, ಕೂತೆ, ನನ್ನ ಚೀಲ ತಗೊಂಡಳು, ಅವಳ ಕೈ ಜಗ್ಗಿತು, ಎವ್ವಾ, ಇಷ್ಟ ಭಾರ, ಏನೈತಿ ಇದ್ರಾಗ — ಗುಂಡು, ಹೇಳು ಜುಲೇಖಾ, ಒಂಬತ್ತು ಮೀಟರ್ ಎಂಬತ್ತು, ಹೇಳು, ಇಷ್ಟು ದಿನದಲ್ಲಿ ಕೇಳಿದವಳು ಇವಳೊಬ್ಬಳೇ, ಬಾಯಿ ತೆರೆದೆ, ಹಿಟ್ಟು ಅಂದೆ, ರೊಟ್ಟಿ ಹಿಟ್ರಿ, ಹೂಂ ಅಂದಳು, ನಂಬಿದಳು, ಮೊಬೈಲು ಮತ್ತೆ ಮೊದಲಿನಿಂದ, ನನ್ನ ಕೈ, ಹರಿದ ರೊಟ್ಟಿ, ನನ್ನ ಕೈ, ಹರಿದ ರೊಟ್ಟಿ, ಹರಿದ ರೊಟ್ಟಿ —