ಸೊನ್ನೆ ಒತ್ತುವ ಅತ್ತೆ

ಪ್ರತಿ ಸೋಮವಾರ ಸಂಜೆ ನಮ್ಮ ಮನೆಗೆ ಒಂದು ಫೋನು ಬರುತ್ತದೆ. ಮಾತಾಡುವುದು ಮನುಷ್ಯರಲ್ಲ, ಯಂತ್ರ. ಕಳೆದ ವಾರ ಎಷ್ಟು ದಿನ ಮದ್ಯ ಸೇವಿಸಿದಿರಿ, ಅಷ್ಟು ಅಂಕಿ ಒತ್ತಿ, ಸೇವಿಸದಿದ್ದರೆ ಸೊನ್ನೆ ಒತ್ತಿ ಎನ್ನುತ್ತದೆ. ಕೇಳುವುದು ನನ್ನ ಗಂಡ ಬಂಡೆಪ್ಪನನ್ನು. ಒತ್ತುತ್ತಿದ್ದವಳು ನನ್ನ ಅತ್ತೆ ಮಾಯಕ್ಕ. ಒತ್ತುತ್ತಿದ್ದದ್ದು ಸೊನ್ನೆ. 'ಬಹಳ ಸಂತೋಷ, ಹೀಗೇ ಮುಂದುವರಿಸಿ' ಎಂದು ಯಂತ್ರ ಹೊಗಳಿದರೆ ಮುದುಕಿ ತಾನೇ ಕುಡಿತ ಬಿಟ್ಟವಳಂತೆ ಬೀಗುತ್ತಿದ್ದಳು. ಮಗರಾಯ ಹೊರಸಿನ ಮೇಲೆ ಅಮಲಿನಲ್ಲಿ ಗೊರಕೆ ಹೊಡೆಯುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ಫೋನು ಗಂಟುಬಿದ್ದದ್ದು ಬೆಳಗಾವಿಯ ದವಾಖಾನೆಯಿಂದ. ಬಂಡೆಪ್ಪನಿಗೆ ಎಚ್‌ಐವಿ. ಅವನಿಂದ ನನಗೂ ಬಂತು. ಈ ಜನ್ಮದಲ್ಲಿ ನಾನು ಅವನನ್ನು ಕ್ಷಮಿಸುವುದಿಲ್ಲ. ಬೀಡಿ ಊರಿನ ನಮ್ಮ ಓಣಿಗೆ ಗೊತ್ತಿಲ್ಲ, ಮನೆಯೊಳಗಿನ ಮೂವರಿಗೆ ಗೊತ್ತು. ನಾನು ದಿನಾ ಗುಳಿಗೆ ನುಂಗುತ್ತೇನೆ, ಗಟ್ಟಿಯಾಗಿದ್ದೇನೆ. ಅವನು ಕುಡಿದ ದಿನ ಗುಳಿಗೆ ಮುಟ್ಟುವುದಿಲ್ಲ. ಸರಾಯಿ, ಗುಳಿಗೆ ಎರಡೂ ಸೇರಿದರೆ ಕರುಳು ಸುಡುತ್ತದಂತೆ. ಹಾಗೆಂದು ಹೇಳಿದ ಮಹಾ ಡಾಕ್ಟರು ಯಾರು? ಖಾನಾಪುರದ ಹೆಂಚಿನ ಕಾರ್ಖಾನೆಯಲ್ಲಿ ಅವನ ಜೊತೆ ಕಾವಲಿಗಿರುವ, ಜೊತೆಗೇ ಕುಡಿಯುವ ಭರಮಣ್ಣ.

ದವಾಖಾನೆಯ ಕೌನ್ಸೆಲರ್ ಸಾನಿಕಾ ಇವನ ಕಿವಿಗೆ ಹೆಡ್‌ಫೋನು ಹಾಕಿ, ಕೈಗೆ ಟ್ಯಾಬು ಕೊಟ್ಟು ಕೂರಿಸಿದ್ದರು. ಪರದೆಯ ಮೇಲಿನ ಹೆಂಗಸು ಕುಡಿತದ ಬಗ್ಗೆ ಕೇಳಿದ್ದಕ್ಕೆಲ್ಲ ಗೋಣು ಹಾಕಿದ, ಕಡಿಮೆ ಮಾಡುತ್ತೇನೆ ಎಂದು ಒಪ್ಪಿಕೊಂಡ. ವಾರದ ಫೋನಿಗೆ ಮಾತ್ರ ಅವ್ವನ ನಂಬರು ಕೊಟ್ಟು ಬಂದ, ಬದ್ಮಾಷ್.

ಯಾಕೆ ಸುಳ್ಳು ಒತ್ತುತ್ತೀರಿ ಎಂದು ಅತ್ತೆಯ ಜೊತೆ ಜಗಳವನ್ನೇ ತೆಗೆದಿದ್ದೆ. ಇವರದು ಕುರಿ ಕಾಯ್ದ ಮನೆತನ. ಹಿಂಡಿನಲ್ಲಿ ಎಷ್ಟು ಕುರಿ ಎಂದು ದಾರಿಹೋಕರು ಕೇಳಿದರೆ ಖರೇ ಲೆಕ್ಕ ಹೇಳಬಾರದು, ದೃಷ್ಟಿ ತಾಗುತ್ತದೆ. ಕುರಿ ಮಾರಿ ಎಷ್ಟೋ ಕಾಲವಾಯಿತು, ಚಾಳಿ ಹೋಗಿಲ್ಲ.

"ಹೊರಗಿನವ್ರಿಗೆ ಮನಿ ಲೆಕ್ಕಾ ಹೇಳೂದಿಲ್ಲ," ಎಂದಳು. ಅಷ್ಟೇ.

ಹೋದ ವಾರ ಬೆಳಗಾವಿಗೆ ಹೋದಾಗ ಬಂಡೆಪ್ಪನ ರಕ್ತದಲ್ಲಿ ವೈರಸ್ಸು ಏರಿತ್ತು. ಡಾಕ್ಟರು ಫೋನಿನ ಸೊನ್ನೆಗಳನ್ನು ನೋಡಿದರು. ಕುಡಿಯುತ್ತಿಲ್ಲ, ಗುಳಿಗೆಯನ್ನೂ ತಪ್ಪಿಸಿಲ್ಲ ಎನ್ನುತ್ತಾನೆ, ಹಾಗಾದರೆ ಔಷಧವೇ ಸೋತಿರಬೇಕು, ಬೇರೆ ಗುಳಿಗೆ ಕೊಡೋಣ ಎಂದರು. ಅವನ್ನೂ ಹೀಗೇ ಬಿಟ್ಟು ಬಿಟ್ಟು ನುಂಗಿದರೆ ಕೊನೆಗೆ ಯಾವುದೂ ನಾಟುವುದಿಲ್ಲ ಎಂದು ನನಗೂ ಗೊತ್ತು. ಗಂಡ ಅದಕ್ಕೂ ಗೋಣು ಹಾಕಿದ. ನಾನು ಎಲ್ಲ ಹೇಳಿಬಿಟ್ಟೆ. ಸಾನಿಕಾ ಬಯ್ಯಲಿಲ್ಲ. ಕುಡಿದ ದಿನವೂ ಗುಳಿಗೆ ಬಿಡಬಾರದು ಎಂದರು, ಫೋನಿಗೆ ಖರೇ ಅಂಕಿ ಬಂದರೆ ತಾವೇ ಮಾತಾಡುವುದಾಗಿ ಹೇಳಿದರು. ಬಸ್ಸು ಖಾನಾಪುರ ದಾಟುವತನಕ ಬಂಡೆಪ್ಪ ಹಲ್ಲು ಕಡಿಯುತ್ತ ನನ್ನನ್ನು ನೋಡಿದ. ನೋಡಲಿ.

ಈ ಸೋಮವಾರ ಫೋನು ಬಂತು. ಅತ್ತೆ ಎತ್ತಿದಳು. ನಾನು ಕಸಿದುಕೊಳ್ಳಲಿಲ್ಲ.

"ಅತ್ತಿ, ನಿಮ್ಮ ಸೊನ್ನಿ ನೋಡಿ ಡಾಕ್ಟರು ಮೋಸಾ ಹೋದ್ರು. ಇನ್ನೊಮ್ಮಿ ಒತ್ತಿದ್ರ ನಿಮ್ಮ ಮಗನ್ನ ನೀವ ಮಣ್ಣಾಗ ಇಡ್ತೀರಿ," ಎಂದೆ.

ಅವಳ ಬೆರಳು ನಿಂತಿತು. ಮಗನ ಕಡೆ ತಿರುಗಿ ಎಷ್ಟು ದಿನ ಎಂದು ಕೇಳಿದಳು. ಎರಡು ಅಂದ. ಯಂತ್ರ ಮತ್ತೊಮ್ಮೆ ಕೇಳಿತು. ಅತ್ತೆ ಐದು ಒತ್ತಿದಳು.

"ಯವ್ವಾ, ಎರಡ ಅಂದೆ ನಾ," ಎಂದು ಅವನು ಎದ್ದು ಬಂದ.

"ನೀ ಕುಡದ ಬಂದಾಗ ಬಾಗಲಾ ತಗಿಯಾಕಿ ನಾ, ವಾಂತಿ ಬಳಿಯಾಕಿ ನಾ. ಕುರಿ ಲೆಕ್ಕಾ ಮಂದಿಗೆ ಸುಳ್ಳ ಹೇಳೇನಿ. ನನಗ ಲೆಕ್ಕಾ ಎಂದೂ ತಪ್ಪಿಲ್ಲ."

ಯಂತ್ರ ಈ ಸಲ ಹೊಗಳಲಿಲ್ಲ. ಕೌನ್ಸೆಲರ್ ಜೊತೆ ಮಾತಾಡಬೇಕಿದ್ದರೆ ಒಂದು ಒತ್ತಿ ಎಂದಿತು. ಅತ್ತೆ ಒತ್ತಿದಳು. ಫೋನನ್ನು ಮಗನ ಎದೆಗೆ ಗುದ್ದಿದಳು. ಅವನ ಬಾಯಿ ಆಗಲೂ ನಾರುತ್ತಿತ್ತು. ಗುಳಿಗೆಯ ಡಬ್ಬಿ, ಒಂದು ತಂಬಿಗೆ ನೀರು ತಂದು ಅವನು ನುಂಗುವತನಕ ಎದುರಿಗೇ ನಿಂತಳು.

ಎಲ್ಲ ಗೊತ್ತಿದ್ದೂ ಇಷ್ಟು ದಿನ ಸೊನ್ನೆ ಒತ್ತಿದ್ದಳಲ್ಲ. ಆ ಸಂಜೆಯಿಂದ ಅವಳ ಜೊತೆ ನಾನು ಮಾತು ಬಿಟ್ಟಿದ್ದೇನೆ.